ಓಣಿಗೆಲ್ಲ ಒಂದೇ ನೀಲಿ ಬಾನಿ

ಪೂಜ್ಯ ಅಧ್ಯಕ್ಷರಾದ ನಮ್ಮ ಮಠದ ಅಜ್ಜಾರೇ, ಕಚೇರಿಯಿಂದ ಕುದುರೆಯೇರಿ ಬಂದ ಶಿರಸ್ತೇದಾರ ಅನಂತರಾಯರೇ, ರೋಣದಿಂದ ಬಂಡಿ ಕಟ್ಟಿಸಿಕೊಂಡು ಬಂದ ನೂಲಿನ ವ್ಯಾಪಾರಿ ಅಕ್ಬರಸಾಬರೇ, ಗಜೇಂದ್ರಗಡದ ನೇಕಾರ ಹಿರಿಯರೇ, ನಮ್ಮ ಬಣ್ಣಗಾರರ ಓಣಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಬಾಗಿಲಲ್ಲಿ ಬಡಿಗೆ ಊರಿ ನಿಂತ ಹವಾಲ್ದಾರ ಗೌಸುಸಾಬರೇ, ಮತ್ತು ಸಮಸ್ತ ಸಭಿಕರೇ,

ನಾನು ಗುರುಸಂಗಪ್ಪ. ನೀಲಿ ಬಣ್ಣಗಾರ. ಶ್ರಾವಣದಲ್ಲಿ ಇದೇ ಮಠದಲ್ಲಿ ಪುರಾಣ ಓದುವವನು. ಆದ್ದರಿಂದ ಇಂಥ ಸಭೆಗಳಲ್ಲಿ ನಾಲ್ಕು ಮಾತಾಡುವ ಕೆಲಸ ನನ್ನ ಕೊರಳಿಗೇ ಬೀಳುತ್ತದೆ. ಇವತ್ತು ನಾಲ್ಕು ಮಾತಿನಲ್ಲಿ ಮುಗಿಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಎಲೆ ಅಡಿಕೆ ಇದ್ದವರು ಹಾಕಿಕೊಳ್ಳಿರಿ.

ಯಾಕೆ ಮುಗಿಯುವುದಿಲ್ಲ? ಆ ಕಂಬದ ಕಡೆ ನೋಡಿರಿ. ಅಲ್ಲಿ ಕಬ್ಬಿಣದ ಹಾರೆಯೊಂದು ಒರಗಿದೆ. ಅದನ್ನು ತಂದವರು ನಮ್ಮ ಓಣಿಯ ಹಿರಿಯರಾದ ಅಜ್ಜಪ್ಪನವರು. ಈಗ ಅಜ್ಜಾರ ಮುಂದಿನ ತಟ್ಟೆಯ ಕಡೆ ನೋಡಿರಿ. ಅದರಲ್ಲಿ ಒಂದು ಶಾಲು, ಒಂದು ತೆಂಗಿನಕಾಯಿ. ಆ ಶಾಲು ಗುಡ್ಡವ್ವನಿಗೆ. ಓಣಿಗೆಲ್ಲ ಒಂದೇ ಇರಲಿ ಎಂದು ನೂಲು ಅದ್ದಲು ನಾವು ಕಟ್ಟಿಸಿದ ದೊಡ್ಡ ನೀಲಿ ಬಾನಿಯನ್ನು ವರ್ಷವಿಡೀ ಕಾಯ್ದವಳು ಆಕೆ. ಆಕೆಗೆ ಸನ್ಮಾನ ಎಂದು ನಿಮಗೆಲ್ಲ ವೀಳ್ಯ ಕಳಿಸಿದೆವು, ಹಲಗೆ ಬಾರಿಸುವವರನ್ನೂ ಗೊತ್ತು ಮಾಡಿದೆವು. ಪಾಪ, ಅವರು ಮೂಲೆಯಲ್ಲಿ ಹಲಗೆ ಕಾಯಿಸಿಕೊಂಡು ಕುಳಿತಿದ್ದಾರೆ. ವೀಳ್ಯ ಹೋದ ಮೇಲೆ ಬಾನಿ ಕೆಟ್ಟಿತು, ಅದ್ದಿದ ನೂಲಿಗೆ ಬಣ್ಣ ಹತ್ತದಾಯಿತು. ಈಗ ಸನ್ಮಾನ ಮಾಡಿಸಿಕೊಳ್ಳಬೇಕಾದವಳು ಬಾನಿಯ ಪಕ್ಕದಲ್ಲಿದ್ದಾಳೆ, ಆಕೆಯ ಮಣೆ ಇಲ್ಲಿ ಖಾಲಿ ಇದೆ.

"ದೀಪಾ ಹಚ್ಚೂತನಕ ತಡೀರಿ," ಎಂದು ಆಕೆ ಹೇಳಿ ಕಳಿಸಿದ್ದಾಳೆ. "ಅಷ್ಟರಾಗ ಬಾನಿ ಬಣ್ಣ ಹಿಡೀಲಿಲ್ಲಂದ್ರ ಒಡೀರಿ. ನಾ ಅಡ್ಡ ಬರೂದಿಲ್ಲ."

ಅಜ್ಜಪ್ಪನವರೂ ಒಂದು ಮಾತು ಕೊಟ್ಟಿದ್ದಾರೆ. ನನ್ನ ಭಾಷಣ ಮುಗಿಯುವವರೆಗೆ ಹಾರೆ ಮುಟ್ಟುವುದಿಲ್ಲ ಎಂದು. ನಾನು ಪುರಾಣ ಓದುವವನು ಎಂಬುದನ್ನು ಆ ಗಳಿಗೆಯಲ್ಲಿ ಅವರು ಮರೆತಿದ್ದರೆಂದು ಕಾಣುತ್ತದೆ. ಬಿಸಿಲು ಇನ್ನೂ ಬಾವಿಕಟ್ಟೆಯ ಮೇಲಿದೆ. ಅಜ್ಜಪ್ಪನವರೇ, ಆರಾಮಾಗಿ ಕೂಡ್ರಿರಿ.

ಈ ದೊಡ್ಡ ಬಾನಿ ನಮಗೆ ಯಾಕೆ ಬೇಕಾಯಿತು? ಹಳ್ಳಿಗಳಿಂದ ಬಂದವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಮೊದಲು ನಮ್ಮ ಓಣಿಯಲ್ಲಿ ಮನೆಗೊಂದು ಮಣ್ಣಿನ ಹರವಿ, ಮನೆಗೊಂದು ಒಲೆ. ನೀಲಿಯ ಹರವಿ ಎಂದರೆ ಬಾಣಂತಿ ಇದ್ದ ಹಾಗೆ, ಸದಾ ಬೆಚ್ಚಗಿಡಬೇಕು. ಹರವಿ ಸಣ್ಣದು ಎಂದು ಕುಳ್ಳು ಕಟ್ಟಿಗೆ ಕಡಿಮೆ ಬೇಡುತ್ತದೆಯೇ? ಬೇಡುವುದಿಲ್ಲ, ಸಣ್ಣದಾದಷ್ಟೂ ಲಗೂ ಆರುತ್ತದೆ. ಹರವಿ ಸಣ್ಣದು ಎಂದು ಕಾಯುವವಳು ಒಂದೇ ಕಣ್ಣು ತೆರೆದು ಕೂಡ್ರಬಹುದೇ? ಹಾಗೂ ಇಲ್ಲ. ಪ್ರತಿ ಮನೆಯಲ್ಲಿ ಒಂದು ಬೆಂಕಿ, ಒಂದು ಸುಣ್ಣದ ಗಡಿಗೆ, ಹರವಿಗೆ ಹಾಕುವ ತಗಚಿ ಬೀಜದ ಗಂಜಿ ಕುದಿಸಲು ಒಂದು ಪಾತ್ರೆ, ಮತ್ತು ನಿದ್ದೆಗೆಟ್ಟ ಒಬ್ಬ ಹೆಣ್ಣುಮಗಳು. ಇಷ್ಟೆಲ್ಲ ಮಾಡಿ ನಮ್ಮ ಕೈಗೆ ಬರುವ ನೀಲಿ ನೂಲು ಎಷ್ಟು? ಒಂದು ಸೀರೆಗೆ ಆಗುವಷ್ಟು. ಬಹಳವಾದರೆ ಎರಡು.

ಇದೇ ಹೊತ್ತಿಗೆ ಸಂತೆಗೆ ವಿಲಾಯತಿ ನೂಲು ಬಂತು. ಬಣ್ಣ ಹಚ್ಚಿಸಿಕೊಂಡೇ ಹಡಗಿನಿಂದ ಇಳಿದು ಬಂತು. ನಮ್ಮ ನೂಲಿಗಿಂತ ಅಗ್ಗ! ಸಮುದ್ರ ದಾಟಿ ಬಂದದ್ದು ಅಗ್ಗ, ಹಿತ್ತಲಿನಿಂದ ಬಂದದ್ದು ತುಟ್ಟಿ. ಇದೆಂಥ ಲೆಕ್ಕ? ಮಾಟವೋ ಮೋಸವೋ ಎಂದು ನಾನು ಅಕ್ಬರಸಾಬರ ಅಂಗಡಿಗೆ ಹೋಗಿ ಜಗಳ ತೆಗೆದೆ. ಅವರು ನಗಲಿಲ್ಲ, ಸಿಟ್ಟಿಗೇಳಲಿಲ್ಲ.

"ಮುಂಬಯಿ ಬಂದರದಾಗ ವಿಲಾಯತಿಗೆ ಹೋಗಿಬಂದ ಮಂದೀನ್ನ ಕೇಳೀನ್ರೀ ಗುರುಸಂಗಪ್ಪ," ಎಂದರು. "ಅವರ ಕೈ ನಿಮ್ಮ ಕೈಯಷ್ಟು ಚಲೋ ಇಲ್ಲ. ನೀಲೀನೂ ನಮ್ಮ ದೇಶದ್ದ ಒಯ್ತಾರ. ಆದ್ರ ಅವರು ಒಂದ ಬೆಂಕಿ ಹಚ್ಚಿ ಒಂದೂರಿಗೆ ಆಗೂವಷ್ಟು ನೂಲು ಅದ್ದತಾರ. ನೀವು ಒಂದೂರಿಗೆ ಆಗೂವಷ್ಟು ಬೆಂಕಿ ಹಚ್ಚಿ ಒಂದ ಸೀರಿ ಅದ್ದತೀರಿ. ಹ್ಯಾಂಗ ತಡಕೋತೀರಿ?"

ಸಭಿಕರೇ, ಆ ಮಾತು ನನ್ನ ತಲೆಯೊಳಗೆ ಹೊಕ್ಕಿತು, ಹೊರಗೆ ಬರಲಿಲ್ಲ. ಊಟಕ್ಕೆ ಕುಳಿತರೆ ಅದೇ, ಮಠಕ್ಕೆ ಬಂದರೆ ಅದೇ. ಓಣಿಯ ಮನೆಮನೆಗೂ ತಿರುಗಿದೆ. ಎಲ್ಲರೂ ಕೂಡಿ ಒಂದೇ ಬಾನಿ ಇಡೋಣ ಎಂದೆ. ಬೈಸಿಕೊಂಡೆ. "ನನ್ನ ಹರವ್ಯಾಗ ನಿನ್ನ ಕೈ ಯಾಕೋ?" ಎಂದು ಅಜ್ಜಪ್ಪನವರು ಬಾಗಿಲು ಹಾಕಿಕೊಂಡರು. ಮತ್ತೆ ಹೋದೆ. ಮತ್ತೆ ಹಾಕಿಕೊಂಡರು. ಆ ಬಾಗಿಲಿನ ಚಿಲಕ ಹೇಗೆ ಸದ್ದು ಮಾಡುತ್ತದೆ ಎಂದು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ.

ಕಡೆಗೆ ಮಠದ ಅಜ್ಜಾರು ಹೇಳಿದ ಮೇಲೆ ಬಾನಿ ಆಯಿತು. ನೆಲದಲ್ಲಿ ಹೂತು, ಇಟ್ಟಿಗೆ ಗಾರೆಯಿಂದ ಕಟ್ಟಿಸಿದೆವು. ಭೂಮಿಯ ಹೊಟ್ಟೆಯೊಳಗಿನ ಬಾನಿ. ಒಮ್ಮೆ ಬಿಸಿ ಹಿಡಿದರೆ ಬಿಡುವುದಿಲ್ಲ. ಹತ್ತು ಒಲೆಗಳು ತಿನ್ನುತ್ತಿದ್ದ ಕಟ್ಟಿಗೆಯಲ್ಲಿ ಅರ್ಧವೂ ಅದಕ್ಕೆ ಬೇಡ. ಸುಣ್ಣವನ್ನು ಬುಟ್ಟಿಯಲ್ಲಿ ತರುತ್ತಿದ್ದವರು ಭಟ್ಟಿಯಿಂದ ಬಂಡಿಯಲ್ಲಿ ತಂದೆವು. ನೀಲಿ ಮಾರುವವರು ಮೊದಲು ನಮ್ಮನ್ನು ಅಂಗಡಿಯ ಕಟ್ಟೆಯ ಕೆಳಗೆ ನಿಲ್ಲಿಸಿ ಹಿಡಿ ಹಿಡಿಯಾಗಿ ಅಳೆಯುತ್ತಿದ್ದರು. ಚೀಲಗಟ್ಟಲೆ ಬೇಕು ಎಂದ ಕೂಡಲೇ ಅವರೇ ನಮ್ಮ ಕಟ್ಟೆಗೆ ಬಂದು, "ಅರಾಮದೀರೇನ್ರಿ?" ಎಂದು ಕೇಳತೊಡಗಿದರು. ಅಪ್ಪ ಸತ್ತಾಗಲೂ ಕೇಳದವರು! ನೂಲು ಅಗ್ಗವಾಯಿತು. ನಿಂತಿದ್ದ ಮಗ್ಗಗಳು ಮತ್ತೆ ಸದ್ದು ಮಾಡಿದವು. ಇದನ್ನೆಲ್ಲ ನಾನು ಹೆಮ್ಮೆಯಿಂದ ಹೇಳುತ್ತೇನೆ, ಯಾಕೆ ಹೇಳಬಾರದು?

ಆದರೆ ಅಜ್ಜಪ್ಪನವರು ಬಾನಿಗೆ ಪೂಜೆ ಮಾಡಿದ ದಿನವೇ ಒಂದು ಮಾತು ಆಡಿದ್ದರು. "ಹರವಿ ಕೆಟ್ರ ಒಂದು ಮನಿ ಒಲಿ ಆರತೈತಿ. ಬಾನಿ ಕೆಟ್ರ ಓಣೀ ಒಲಿ ಎಲ್ಲಾ ಆರತಾವು, ನೆನಪಿಟ್ಕೋ." ಆವತ್ತು ನನಗೆ ಮೈಯೆಲ್ಲ ಉರಿದಿತ್ತು. ಇವತ್ತು ನಮ್ಮ ಓಣಿಗೆ ಹೋಗಿ ನೋಡಿರಿ. ಹಗ್ಗದ ಮೇಲೆ ಬಿಳಿ ನೂಲು ಬಿಳಿಯಾಗಿಯೇ ನೇತಾಡುತ್ತಿದೆ. ಮದುವೆಯ ದಿನಗಳು ಹತ್ತಿರ ಬಂದವು. ನೇಕಾರರು ಎಷ್ಟು ದಿನ ಎಂದು ಕಾಯ್ದಾರು? ಕೆಲವರು ಆಗಲೇ ವಿಲಾಯತಿ ನೂಲು ಕೇಳಿದ್ದಾರೆ. ಅಕ್ಬರಸಾಬರೇ, ತಲೆ ತಗ್ಗಿಸಬೇಡಿರಿ, ವ್ಯಾಪಾರ ಮಾಡುವವರು ಕೇಳಿದ್ದನ್ನು ಕೊಡಲೇಬೇಕು. ಬಾನಿ ಒಡೆದು, ತಳದಲ್ಲಿ ಕೂತ ನೀಲಿಯನ್ನು ಹಂಚಿಕೊಂಡು, ಮತ್ತೆ ಮನೆಗೊಂದು ಹರವಿ ಇಡೋಣ ಎನ್ನುತ್ತಾರೆ ಅಜ್ಜಪ್ಪನವರು. ಅವರಿಗೂ ಹೊಟ್ಟೆಯಿದೆ, ಮಕ್ಕಳಿದ್ದಾರೆ. ಹಾರೆ ತಂದದ್ದು ಹಟಕ್ಕಲ್ಲ ಎಂದು ನಾನು ಬಲ್ಲೆ.

ಬಿಸಿಲು ಬಾವಿಕಟ್ಟೆ ಬಿಟ್ಟು ಗೋಡೆ ಏರಿತು. ಇರಲಿ.

ಅನಂತರಾಯರೇ, ಇನ್ನು ಹೇಳುವುದನ್ನು ತಾವು ಕಿವಿಗೊಟ್ಟು ಕೇಳಬೇಕು. ನೀಲಿ ಕೆಟ್ಟರೆ ಅದನ್ನು ನೆಟ್ಟಗೆ ಮಾಡಲು ನಮ್ಮ ಜನರಲ್ಲಿ ಒಂದು ಪದ್ಧತಿ ಇದೆ. ಸುಳ್ಳು ಹಬ್ಬಿಸುವುದು. ಹೌದ್ರಿ, ಸುಳ್ಳು. ಊರು ಅದನ್ನು ನಂಬಿ ಬಾಯಿಂದ ಬಾಯಿಗೆ ದಾಟಿಸಿದರೆ ಹರವಿ ಬಣ್ಣ ಹಿಡಿಯುತ್ತದೆ ಎಂದು ನಂಬಿಕೆ. ನಮ್ಮ ಅಜ್ಜನ ಕಾಲದಿಂದಲೂ ನಡೆದು ಬಂದದ್ದು. "ಮುಶಿಗೇರಿಯಾಗ ಎಮ್ಮಿ ಕುದುರಿ ಮರಿ ಹಾಕೇತಂತ!" ಎಂದು ಒಮ್ಮೆ ಯಾರೋ ಒಗೆದರು. ಅರ್ಧ ಊರು ಬುತ್ತಿ ಕಟ್ಟಿಕೊಂಡು ಮುಶಿಗೇರಿಗೆ ಹೋಯಿತು. ಅಲ್ಲಿಯವರು ಬಂದವರಿಗೆಲ್ಲ ಮಜ್ಜಿಗೆ ಕೊಟ್ಟು ಕೊಟ್ಟು ಸುಸ್ತಾದರು. ನಗಿರಿ, ನಗಿರಿ. ಸಣ್ಣ ಹರವಿಗೆ ಸಣ್ಣ ಸುಳ್ಳು ಸಾಕಾಗುತ್ತಿತ್ತು.

ಈಗ? "ಬಾನಿ ದೊಡ್ಡದು ಮಾಡಿದಿ, ಇನ್ನ ಸುಳ್ಳೂ ದೊಡ್ಡದ ಬೇಕು," ಎಂದು ಓಣಿಯಲ್ಲಿ ಮಾತು ಹುಟ್ಟಿತು. ಈ ವರ್ಷ ಎಂಥ ವರ್ಷ? ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದಿದ್ದಾರೆ. ಇಲ್ಲಿ ಕತ್ತಿ ಬಂದೂಕು ತಂದೊಪ್ಪಿಸಿರಿ ಎಂದು ಡಂಗುರವಾಗಿದೆ. ನರಗುಂದದ ಹೆಸರು ಬಂದರೆ ಜನ ಅತ್ತಿತ್ತ ನೋಡಿ ದನಿ ತಗ್ಗಿಸುತ್ತಾರೆ. ಇಂಥ ವರ್ಷದಲ್ಲಿ, ಹೋದ ಸಂತೆಯ ದಿನ, ಯಾವುದೋ ಒಂದು ಬಾಯಿ ಹೇಳಿತು: "ನರಗುಂದಕ್ಕ ಫೌಜು ಹೊಂಟೈತಿ! ದಾರ್ಯಾಗ ನಮ್ಮ ಸಂತ್ಯಾಗಿನ ಎತ್ತು ಬಂಡಿ ಎಲ್ಲಾ ಹಿಡಕೊಂಡು ಹೋಗ್ತಾರಂತ!"

ನೀವೆಲ್ಲ ಅಲ್ಲಿದ್ದಿರಿ. ಜೋಳದ ರಾಶಿ ತುಳಿದುಕೊಂಡು ಜನ ಓಡಿದರು. ಎತ್ತುಗಳು ಹಗ್ಗ ಹರಿದುಕೊಂಡವು. ಕಾಯಿಪಲ್ಲೆ ಮಾರುವ ತಿಪ್ಪವ್ವ ನೂಕಾಟದಲ್ಲಿ ಬಿದ್ದು ಕೈ ಮುರಿದುಕೊಂಡಳು. ಅಗೋ, ಕೈಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದಾಳೆ. ಇಷ್ಟಾಗಿ ಬಾನಿ ಬಣ್ಣ ಹಿಡಿಯಿತೇ? ಹಿಡಿಯಲಿಲ್ಲ. ಮರುದಿನ ಗೌಸುಸಾಬರು ಬಂದರು. "ಇನ್ನೊಂದು ಸುಳ್ಳು ಸುದ್ದಿ ಎದ್ರ ಓಣ್ಯಾಗಿನ ಗಂಡಸರನ್ನೆಲ್ಲಾ ಕಟ್ಟಿ ಒಯ್ತೀನಿ, ನನಗ ಹುಕುಂ ಐತಿ," ಎಂದರು. ಹೇಳುವಾಗ ಅವರ ಮುಖವೂ ಬಾಡಿತ್ತು, ನಮ್ಮ ಜತೆ ಆಡಿ ಬೆಳೆದವರು.

ರಾಯರೇ, ಆ ಮಾತು ಆಡಿದವರು ಯಾರು ಎಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೂ... ಇರಲಿ, ಗೊತ್ತಿಲ್ಲ. ಅದರಲ್ಲಿ ದಂಗೆ ಇಲ್ಲ, ಸರಕಾರದ ಮೇಲೆ ಸೇಡು ಇಲ್ಲ. ಕೆಟ್ಟ ಬಾನಿಯ ಮುಂದೆ ಕುಳಿತು ಹೆದರಿದ ಬಣ್ಣಗಾರನೊಬ್ಬನ ಹುಚ್ಚುತನ ಅದು. ಇದನ್ನು ತಾವು ಕಚೇರಿಯಲ್ಲಿ ಹೀಗೆಯೇ ಹೇಳಬೇಕೆಂದು ಕೈಮುಗಿದು ಕೇಳುತ್ತೇನೆ.

ಮತ್ತು ಸಭಿಕರೇ, ನಿಮ್ಮ ಮುಖ ನೋಡಿದರೆ ನನಗೆ ತಿಳಿಯುತ್ತದೆ. ನೀವೆಲ್ಲ ಒಂದನ್ನೇ ಕಾಯುತ್ತಿದ್ದೀರಿ. ಇಷ್ಟು ಜನ ಕೂಡಿದ್ದಾರೆ, ರೋಣದವರಿದ್ದಾರೆ, ಹೊಳೆಆಲೂರಿನವರಿದ್ದಾರೆ. ಗುರುಸಂಗಪ್ಪ ಈಗ ಯಾರಿಗೂ ಸಿಕ್ಕಿಬೀಳದ ಹಾಗೆ ಒಂದು ದೊಡ್ಡ ಸುಳ್ಳು ಒಗೆಯುತ್ತಾನೆ, ಬಾನಿ ನೆಟ್ಟಗಾಗುತ್ತದೆ ಎಂದು. ಒಗೆಯುವುದಿಲ್ಲ. ಹವಾಲ್ದಾರರ ಬಡಿಗೆಗೆ ಹೆದರಿ ಹೇಳುತ್ತಿಲ್ಲ. ಗುಡ್ಡವ್ವ ಬೇಡ ಎಂದಿದ್ದಾಳೆ.

ಗುಡ್ಡವ್ವ ನನ್ನ ಅತ್ತಿಗೆ. ನನ್ನ ಅಣ್ಣ ದ್ಯಾಮಪ್ಪನ ಹೆಂಡತಿ. ಅಣ್ಣ ಸೊಲ್ಲಾಪುರದ ಕಡೆ ವ್ಯಾಪಾರಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಸತ್ತನೆಂಬ ಸುದ್ದಿಯೂ ಇಲ್ಲ, ಇದ್ದಾನೆಂಬ ಸುದ್ದಿಯೂ ಇಲ್ಲ. ನಾನಾಗ ಮೀಸೆ ಮೂಡುತ್ತಿದ್ದ ಹುಡುಗಾಟಿಕೆಯವನು. ಒಂದು ಮಳೆಗಾಲ ನಮ್ಮಪ್ಪನ ಹರವಿ ಕೆಟ್ಟಿತು. ಅದರಲ್ಲಿ ಮಂದಿಯ ಮದುವೆಯ ನೂಲಿತ್ತು. ನಮ್ಮಪ್ಪ ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದ: "ನಮ್ಮ ದ್ಯಾಮಪ್ಪ ಬಂದಾನಂತ! ಹೊಳೆಆಲೂರಾಗ ಹೊಳಿ ದಾಟಿ ಬರಾಕತ್ತಾನಂತ, ಕಂಡವರು ಹೇಳಿದ್ರು!"

ಗುಡ್ಡವ್ವ ಒಳಗೆ ಹೋಗಿ ಮದುವೆಯ ಸೀರೆ ಉಟ್ಟು ಬಂದಳು. ಹೂ ಮುಡಿದು ತಲೆಬಾಗಿಲಲ್ಲಿ ನಿಂತಳು. ಅದನ್ನು ನೋಡಿದ ಮೇಲೆ ಯಾರು ನಂಬುವುದಿಲ್ಲ? ಊರೇ ನಂಬಿತು. ಹರವಿ ಬಣ್ಣ ಹಿಡಿಯಿತು. ಅಣ್ಣ ಬರಲಿಲ್ಲ. ಸೊಸೆಗೆ ಮೋಸ ಮಾಡಿದೆ ಎಂದುಕೊಂಡೇ ನಮ್ಮಪ್ಪ ಕಣ್ಣು ಮುಚ್ಚಿದ. ನಾನೂ ಹಾಗೆಯೇ ತಿಳಿದಿದ್ದೆ, ಇವತ್ತು ಮಧ್ಯಾಹ್ನದವರೆಗೂ.

ಇವತ್ತು ಮಧ್ಯಾಹ್ನ ಬಾನಿಯ ಹತ್ತಿರ ಹೋಗಿದ್ದೆ. ಆಕೆ ಕೋಲಿನಿಂದ ಮೆಲ್ಲಗೆ ಕದಡುತ್ತ ಕುಳಿತಿದ್ದಳು. "ಅತ್ತಿಗೀ, ಯಾರಿಗೂ ಧಕ್ಕಿ ಆಗದಂಥಾದ್ದು ಒಂದು ಸಣ್ಣ ಸುಳ್ಳು ಹ್ಯಾಳಲೇನು?" ಎಂದು ಕೇಳಿದೆ. ಆಕೆ ತಿರುಗಿಯೂ ನೋಡಲಿಲ್ಲ.

"ಧಕ್ಕಿ ಆಗದಂಥಾ ಸುಳ್ಳು ಇರತೈತೇನೋ ಗುರುಸಂಗಪ್ಪಾ? ಆವತ್ತು ಹೊಳಿ ದಂಡಿ ಮೀರಿ ಹರೀತಿತ್ತು. ಹರಗೋಲು ಮ್ಯಾಲ ಎಳದಿಟ್ಟಿದ್ರು. ಅಂಥಾದ್ರಾಗ ನಿಮ್ಮಣ್ಣ ದಾಟಿ ಬಂದಾನಂದ್ರ ನಾ ನಂಬೀನಿ ಅಂತ ತಿಳಿದಿಯೇನು?"

"ಮತ್ತ ಸೀರಿ ಉಟ್ಟು ಬಾಗಲದಾಗ ಯಾಕ ನಿಂತಿ?"

"ನಾ ನಿಲ್ಲಲಿಲ್ಲಂದ್ರ ಓಣಿ ನಂಬತಿತ್ತೇನು? ಮಾವನ ಹರವ್ಯಾಗ ಮಂದಿ ನೂಲಿತ್ತು, ನಿಂತೆ. ಬಂದು ಬಂದು ಎಲ್ಲಾರೂ ನನ್ನ ನೋಡಿ ಹೋದ್ರು. ಹರವಿ ನೆಟ್ಟಗಾತಂತ ಬೆಲ್ಲ ಹಂಚಿದ್ರಿ. ಕತ್ತಲಾತು. 'ಒಳಗ ಬಾರವಾ' ಅಂತ ಮಾತ್ರ ಒಬ್ಬರೂ ಅನ್ನಲಿಲ್ಲ."

ಇದನ್ನು ಸಭೆಯಲ್ಲಿ ಹೇಳಬಾರದು ಎಂದುಕೊಂಡೇ ಬಂದಿದ್ದೆ. ಬಾಯಿಂದ ಬಂದುಬಿಟ್ಟಿತು. ನೀರು ಕೊಡಿರಿ ಸ್ವಲ್ಪ.

ಸಭಿಕರೇ, ಖರ್ಚು ಕಡಿಮೆಯಾಯಿತು ಎಂದು ಆಗಲೇ ಎದೆಯುಬ್ಬಿಸಿ ಹೇಳಿದೆನಲ್ಲ, ಕಟ್ಟಿಗೆಯ ಖರ್ಚು ಖರೇನೇ ಕಡಿಮೆಯಾಯಿತು. ಸುಣ್ಣದ್ದೂ ಆಯಿತು. ಆದರೆ ಕಾಯುವ ಕೆಲಸ? ಅದು ಎಲ್ಲಿಗೆ ಹೋಯಿತು? ಮೊದಲು ಮನೆಮನೆಯ ಹೆಣ್ಣುಮಕ್ಕಳು ನಿದ್ದೆಗೆಡುತ್ತಿದ್ದರು. ಬಾನಿ ಆದ ಮೇಲೆ ಅವರೆಲ್ಲ ಮಲಗಿದರು, ಒಬ್ಬಳು ಮಲಗಲಿಲ್ಲ. ನಮ್ಮ ಅಗ್ಗದ ನೂಲಿನಲ್ಲಿ ಆಕೆಯ ನಿದ್ದೆ ಸೇರಿದೆ. ಆಕೆಗೆ ಬದಲಿ ಯಾರು ಎಂದು ಈ ವರ್ಷ ನಮ್ಮಲ್ಲಿ ಯಾರಾದರೂ ಕೇಳಿದೆವೇ? ಗಂಡ ಇಲ್ಲದವಳು, ಮಕ್ಕಳಿಲ್ಲದವಳು, ಆಕೆಗೆ ಬೇರೆ ಏನು ಕೆಲಸ ಎಂದುಕೊಂಡೆವು. ಬಾನಿ ಕೆಟ್ಟ ಕೂಡಲೇ ಅದೇ ಬಾಯಿಯಿಂದ ಗಂಡ ಬಿಟ್ಟವಳ ಕೈ ಅಪಶಕುನ ಎಂದೆವು. ಥೂ! ಅಜ್ಜಾರ ಮುಂದೆ ಹೀಗೆ ಅನ್ನಬಾರದು, ತಪ್ಪಾಯಿತು.

ಬಾನಿ ಕೆಡುವ ಮೊದಲು ಆಕೆ ನಮಗೆ ಹೇಳಿದ್ದಳು. "ಅಗ್ಗಾತಂತ ಎಷ್ಟು ನೂಲು ತಂದು ತಂದು ಸುರವತೀರಿ? ಅದಕ್ಕೂ ದಣಿವು ಆಗತೈತಿ. ನಾಕು ದಿನಾ ಬಿಡ್ರಿ." ಕೇಳಿದೆವೇ? ಹೆಚ್ಚು ಅದ್ದಿದಷ್ಟು ಅಗ್ಗ, ಅಗ್ಗವಾದಷ್ಟು ಹೆಚ್ಚು ಅದ್ದಬೇಕು, ಇದೇ ನಮ್ಮ ಮಂತ್ರವಾಗಿತ್ತು. ಈಗ ಆಕೆ ಮಾಡುತ್ತಿರುವುದು ಇಷ್ಟೇ: ಬಾನಿಗೆ ನೂಲು ಹಾಕದೆ ಬಿಟ್ಟಿದ್ದಾಳೆ, ಬೆಲ್ಲ ಹಾಕುತ್ತಾಳೆ, ತಗಚಿ ಗಂಜಿ ಹಾಕುತ್ತಾಳೆ, ಬೆಚ್ಚಗಿಡುತ್ತಾಳೆ. ಅಜ್ಜಪ್ಪನವರೇ, ಹಾರೆಗಿಂತ ಮೊದಲು ನನ್ನದೊಂದು ಬೇಡಿಕೆ. ಬಾನಿ ಉಳಿದರೆ ಕಾಯುವುದಕ್ಕೆ ಮನೆಗೊಂದು ಸರದಿ ಹಾಕೋಣ, ಗಂಡಸರೂ ಕೂಡ್ರೋಣ. ಆಗ ನೂಲು ಒಂದಿಷ್ಟು ತುಟ್ಟಿ ಬಿದ್ದೀತು. ಬೀಳಲಿ.

ಗೋಡೆಯ ಮೇಲಿನ ಬಿಸಿಲೂ ಹೋಯಿತು. ಯಾರದು, ದೀಪದ ಎಣ್ಣೆ ತಂದವರು? ಸ್ವಲ್ಪ ತಡಿಯವ್ವಾ, ಇನ್ನೊಂದು ಮಾತು...

ಗೌಸುಸಾಬರೇ, ಬಾಗಿಲಲ್ಲಿ ಯಾರು? ದಾರಿ ಬಿಡಿರಿ.

ಗುಡ್ಡವ್ವ ಬಂದಿದ್ದಾಳೆ. ಕೈಯಲ್ಲಿ ಬಿಗಿಯಾಗಿ ಮುದುರಿ ಹಿಡಿದ ಒಂದು ಲಡಿ ನೂಲು, ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಎಷ್ಟು ಹೊತ್ತಾಯಿತು ಬಂದು? ಕೇಳಿಸಿಕೊಂಡಳೇನೋ. ಅಲ್ಲಿ ನಿಲ್ಲಬ್ಯಾಡ ಅತ್ತಿಗೀ. ಬಾಗಲದಾಗ ನಿಲ್ಲಬ್ಯಾಡ. ಒಳಗ ಬಾ. ಒಳಗ ಬಾರವಾ.

ಸಭಿಕರೇ, ಯಾರೂ ಏಳಬೇಡಿರಿ. ಕೆಟ್ಟ ಬಾನಿಯ ನೂಲು ಮಾಸಿದ ಬಿಳಿ ಇರುತ್ತದೆ, ಹಾಗೆಯೇ ಉಳಿಯುತ್ತದೆ. ಚಲೋ ಬಾನಿಯಿಂದ ಎದ್ದ ನೂಲು ಹಸಿರಾಗಿರಬೇಕು, ಗಾಳಿ ತಾಗಿದ ಮೇಲೆ ನೀಲಿಯಾಗಬೇಕು. ಇದು ಹಸಿರಿದೆ. ಎಲೆಯ ಹಸಿರು. ಬಿಚ್ಚಿ ಹಿಡಿ ಅತ್ತಿಗೀ, ಗಾಳಿಗೆ ಹಿಡಿ. ದೀಪ ಹಚ್ಚಿರಿ ಈಗ, ಇತ್ತ ತನ್ನಿರಿ. ಇನ್ನೂ ಹಸಿರೇ ಇದೆ. ಸುಮ್ಮನಿರಿ, ಸುಮ್ಮನಿರಿ. ಅಜ್ಜಪ್ಪನವರೇ, ನೀವೇ ಹತ್ತಿರ ಬಂದು ನೋಡಿರಿ, ನನ್ನ ಕಣ್ಣು ಮಂಜಾಗಿದೆ. ಅಂಚಿನ ಎಳೆ ಯಾವ ಬಣ್ಣ? ಏನಂದಿರಿ? ಗಟ್ಟಿಯಾಗಿ ಅನ್ನಿರಿ, ಓಣಿಗೆಲ್ಲ ಕೇಳಲಿ.

ನೀಲಿ! ಅಜ್ಜಪ್ಪನವರು ನೀಲಿ ಎನ್ನುತ್ತಾರೆ. ಬಂತು, ಲಡಿಯ ತುಂಬ ಬಂತು. ಅಜ್ಜಾರೇ, ನೀಲಿ!

ಹಲಗೆಯವರೇ, ತಡೆಯಿರಿ. ಬಾರಿಸಬೇಡಿರಿ. ಎತ್ತಿದ ಕೈ ಇಳಿಸಿರಿ.

ಅತ್ತ ನೋಡಿರಿ. ಗುಡ್ಡವ್ವ ಕಂಬಕ್ಕೆ ಒರಗಿದಳು. ಲಡಿ ಕೈಯಲ್ಲೇ ಇದೆ, ಆಕೆಗೆ ನಿದ್ದೆ ಹತ್ತಿದೆ. ಪಕ್ಕದಲ್ಲಿ ಹಾರೆ ಇದೆ, ಜಾರಿ ಬಿದ್ದರೆ ಸದ್ದಾದೀತು. ಹೌದು ಅಜ್ಜಪ್ಪನವರೇ, ಮೆಲ್ಲಗೆ ತೆಗೆಯಿರಿ. ಹಾಗೆ, ನೆಲಕ್ಕೆ ಮಲಗಿಸಿರಿ. ಎತ್ತ ಹೊರಟಿರಿ? ಬಾನಿಯ ಕಡೆಗೋ? ಒಳ್ಳೆಯದು, ಮೊದಲ ಸರದಿ ನಿಮ್ಮದು. ಬೆಂಕಿ ಸಣ್ಣಗಿರಲಿ.

ಅಜ್ಜಾರೇ, ತಾವು ಎದ್ದು ಬಂದು ಆ ಶಾಲನ್ನು ಆಕೆಗೆ ಹೊದಿಸಬೇಕು. ಎಬ್ಬಿಸಬೇಡಿರಿ. ಆಕೆಯ ಕೈ ಮೊಣಕೈವರೆಗೂ ನೀಲಿ, ಶಾಲಿಗೆ ಹತ್ತುತ್ತದೆ. ಹತ್ತಲಿ.

ಬಂದವರಿಗೆ, ಇಷ್ಟು ಹೊತ್ತು ನನ್ನ ಮಾತು ಸಹಿಸಿದವರಿಗೆ, ಬಡಿಗೆಯನ್ನು ಗೋಡೆಗೆ ಒರಗಿಸಿಟ್ಟ ಗೌಸುಸಾಬರಿಗೆ, ನಡೆದದ್ದನ್ನು ಕಣ್ಣಾರೆ ಕಂಡ ರಾಯರಿಗೆ, ಎಲ್ಲರಿಗೂ ನನ್ನ ವಂದನೆಗಳನ್ನು ಮೆಲುದನಿಯಲ್ಲೇ ಹೇಳುತ್ತೇನೆ. ಪ್ರಸಾದ ಹೊರಗಿನ ಕಟ್ಟೆಯ ಮೇಲಿದೆ. ಒಬ್ಬೊಬ್ಬರಾಗಿ ಏಳಿರಿ, ಹೊರಗೆ ಬಿಟ್ಟ ಜೋಡುಗಳನ್ನು ಮೆಟ್ಟದೆ ಕೈಯಲ್ಲಿ ಹಿಡಿದುಕೊಂಡು ಹೋಗಿರಿ. ಸದ್ದು ಮಾಡಬೇಡಿರಿ.

ನಮಸ್ಕಾರ.